ಅವ್ನಿಗೇನು ಬಿಡಿ!

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕೂ ತಾಲ್ಲೂಕಿನ ಜನ ಸಾವಿಗೆ ಹೋಗುವುದರಲ್ಲಿ ಎತ್ತಿದ ಕೈ. ಸುದ್ದಿ ಬಂದರೆ ಸಾಕು, ಬೈಕು ಹೊರಡುತ್ತದೆ. ಹೆಣ ಎತ್ತುವ ಮುಂಚೆಯೇ ಹಾಜರಿ. ಬಾಯಿ ತುಂಬ ಹೊಗಳಿಕೆ. ಎಂಥಾ ಮನುಷ್ಯ, ದೇವರಂಥವನು.

ಅದೇ ದೇವರಂಥ ಮನುಷ್ಯ ಬದುಕಿದ್ದಾಗ ಎರಡಂತಸ್ತಿನ ಮನೆ ಕಟ್ಟಿದ್ದ. ಆಗ ನಾವು ಆಡಿದ ಮಾತು ಬೇರೆ. "ಅವ್ನಿಗೇನು ಬಿಡಿ. ಎಲ್ಲಿಂದ ಬಂತೋ ದುಡ್ಡು, ಯಾರು ಕಂಡೋರು?"

ನಮ್ಮ ಸೀಮೆಯಲ್ಲಿ ಒಳ್ಳೆಯವನು ಅನ್ನಿಸಿಕೊಳ್ಳಬೇಕಾದರೆ ಸಾಯಬೇಕು. ಇದಕ್ಕಿಂತ ಅಗ್ಗದ ದಾರಿ ಇನ್ನೂ ಸಿಕ್ಕಿಲ್ಲ.

ಬೈಬಲ್ ಕಂಕುಳಲ್ಲಿಟ್ಟುಕೊಂಡು ಸಭೆಗೆ ಹೋಗುವ ನಾವಾದರೂ ಬೇರೆ ಥರ ಇರಬೇಕಿತ್ತು. ಇಲ್ಲ. ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಯ 12ನೇ ಅಧ್ಯಾಯದಲ್ಲಿ ಎರಡು ಕೆಲಸ ಒಪ್ಪಿಸಿದ್ದಾನೆ. ಖುಷಿಯ ಮನೆಗೆ ಹೋಗಿ ಖುಷಿಪಡುವುದು ಒಂದು. ಅಳುವ ಮನೆಗೆ ಹೋಗಿ ಅಳುವುದು ಇನ್ನೊಂದು. ಖುಷಿಯನ್ನೇ ಮೊದಲು ಬರೆದಿದ್ದಾನೆ. ನಾವು ಎರಡನೆಯದನ್ನು ಇಟ್ಟುಕೊಂಡು ಮೊದಲನೆಯದನ್ನು ಅವನಿಗೇ ವಾಪಸ್ ಕೊಟ್ಟಿದ್ದೇವೆ.

ಕಾರಣ ಗೊತ್ತಿರುವುದೇ. ಅಳುವವನ ಎದುರು ನಾವು ಒಂದು ಮೆಟ್ಟಿಲು ಮೇಲಿರುತ್ತೇವೆ. ನಗುವವನ ಎದುರು ಒಂದು ಮೆಟ್ಟಿಲು ಕೆಳಗೆ. ಕೆಳಗೆ ನಿಂತು ನಗುವುದಕ್ಕೆ ಕುತ್ತಿಗೆ ನೋಯುತ್ತದೆ.

ನಮ್ಮ ಪ್ರಾರ್ಥನಾ ಕೂಟಗಳಲ್ಲಿ ಕೂತು ನೋಡಿ.

"ಅಕ್ಕ, ಆ ಹುಡುಗಿಗೋಸ್ಕರ ಸ್ವಲ್ಪ ಭಾರದಿಂದ ಪ್ರಾರ್ಥನೆ ಮಾಡಿ."

"ಯಾಕಮ್ಮ, ಹುಷಾರಿಲ್ವಾ?"

"ಹುಷಾರಾಗೇ ಇದಾಳೆ. ಬೆಂಗಳೂರಲ್ಲಿ ಕೆಲಸ ಸಿಕ್ಕಿದೆಯಂತೆ. ಸಂಬಳ ಬೇರೆ ಜಾಸ್ತಿಯಂತೆ. ಲೋಕದ ಕಡೆ ಹೊರಟೋಗ್ತಾಳೇನೋ ಅಂತ."

ಆ ಹುಡುಗಿ ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದಷ್ಟು ದಿನ ಅವಳ ಆತ್ಮ ಕ್ಷೇಮವಾಗಿತ್ತು. ಆರ್ಡರ್ ಕಾಪಿ ಬಂದ ದಿನ ಅಪಾಯಕ್ಕೆ ಸಿಕ್ಕಿಕೊಂಡಿತು. ಕಣ್ಣು ಬಿಟ್ಟುಕೊಂಡು ಹೇಳಿದರೆ ಚಾಡಿ. ಕಣ್ಣು ಮುಚ್ಚಿಕೊಂಡು ಹೇಳಿದರೆ ಪ್ರಾರ್ಥನೆ. ಎಲ್ಲ ಬಲ್ಲ ದೇವರಿಗೇ ಚಾಡಿ ಹೇಳುವ ಧೈರ್ಯ ನಮ್ಮದು.

ನಮ್ಮ ಮಗ ಪಾಸಾದರೆ ದೇವರ ಕೃಪೆ. ಅವರ ಮಗ ಪಾಸಾದರೆ ಕಾಪಿ. ನಮಗೆ ಸರ್ಕಾರಿ ಕೆಲಸ ಸಿಕ್ಕರೆ ಆಶೀರ್ವಾದ. ಅವರಿಗೆ ಸಿಕ್ಕರೆ ಇನ್‌ಫ್ಲೂಯೆನ್ಸ್. ನಾವು ಸೈಟು ಕೊಂಡರೆ ಸಭೆಯಲ್ಲಿ ಎದ್ದು ಸಾಕ್ಷಿ ಹೇಳುತ್ತೇವೆ. ಅವರು ಕೊಂಡರೆ ಸಾಕ್ಷಿ ಕೇಳುತ್ತೇವೆ.

ಊರಿನ ಮಿಕ್ಕವರು ಹೊಸ ಮನೆ ಕಟ್ಟಿದರೆ ಮುಂದೆ ದೃಷ್ಟಿಬೊಂಬೆ ನಿಲ್ಲಿಸುತ್ತಾರೆ. ಅದು ಮೂಢನಂಬಿಕೆ ಎಂದು ನಾವು ನಗುತ್ತೇವೆ. ನಕ್ಕು ಬಂದು ನಮ್ಮ ಬಾಗಿಲ ಮೇಲೆ ವಚನದ ಬೋರ್ಡು ಹೊಡೆಯುತ್ತೇವೆ. ಕಾವಲಿನ ವಚನವೇ ಆಗಬೇಕು, ಶತ್ರುಗಳ ಪ್ರಸ್ತಾಪ ಇದ್ದರೆ ಇನ್ನೂ ಒಳ್ಳೆಯದು. ಶತ್ರು ಯಾರು? ಎದುರು ಮನೆಯವನು. ನೆರೆಯವನ ಕಣ್ಣಿಗೆ ಇಷ್ಟು ಹೆದರುವವನಿಗೆ ತನ್ನ ಕಣ್ಣಿನ ಪರಿಚಯ ಚೆನ್ನಾಗಿಯೇ ಇರಬೇಕು.

ಇನ್ನು ಸುಗ್ಗಿ ಹಬ್ಬದ ಹರಾಜು. ಬಾಳೆಗೊನೆ, ಕುಂಬಳಕಾಯಿ, ನಾಟಿ ಕೋಳಿ. ಸಂತೆಯಲ್ಲಿ ಚೌಕಾಸಿ ಮಾಡಿ ತರುವ ಕುಂಬಳಕಾಯಿಗೆ ಇಲ್ಲಿ ಬೆಲೆ ಏರುತ್ತಲೇ ಹೋಗುತ್ತದೆ. ಭಕ್ತಿ ಎಂದುಕೊಂಡಿರಾ? ಆಚೆ ಬೆಂಚಿನವನು ಕೂಗಿದ್ದಾನೆ, ಅದಕ್ಕೆ. ಅವನು ಸುಮ್ಮನಾದ ಕ್ಷಣ ಭಕ್ತಿಯೂ ಸುಮ್ಮನಾಗುತ್ತದೆ. ಕುಂಬಳಕಾಯಿ ಹೊತ್ತವನ ಮುಖ ನೋಡಬೇಕು. ಏನೇ ಹೇಳಿ, ಹೊಟ್ಟೆಕಿಚ್ಚಿನಿಂದ ಸಭೆಗೆ ಆದಾಯ ಬರುವುದು ಅದೊಂದೇ ದಿನ.

ಈ ಸೀಮೆಯಲ್ಲಿ ಹೊಟ್ಟೆಕಿಚ್ಚಿನ ಆಳವನ್ನು ಅಡಿ ಲೆಕ್ಕದಲ್ಲಿ ಅಳೆಯಬಹುದು. ಬೋರ್‌ವೆಲ್ ಕೇಸಿಂಗ್ ಪೈಪು ಇಳಿಸಿ ಅಳೆಯಬಹುದು.

ಪಕ್ಕದ ಹೊಲದವನಿಗೆ ಎರಡಿಂಚು ನೀರು ಬಿತ್ತು ಅಂತ ಸುದ್ದಿ ಬರಲಿ. ಆ ರಾತ್ರಿ ನಿದ್ದೆ ಇಲ್ಲ. ಬೆಳಗ್ಗೆ ರಿಗ್ಗಿನವನಿಗೆ ಫೋನು. ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟ್ ನೋಡುವವನು ಬರುತ್ತಾನೆ. ಜಮೀನು ಪೂರ್ತಿ ಸುತ್ತುತ್ತಾನೆ. ಕಾಯಿ ಕೊನೆಗೆ ಎದ್ದು ನಿಲ್ಲುವುದು ಬದುವಿನ ಪಕ್ಕದಲ್ಲೇ.

"ಇಷ್ಟಗಲ ಜಮೀನಿದೆ. ಇಲ್ಲೇ ಯಾಕಪ್ಪ?"

"ಅವ್ರಿಗೆ ಬಿದ್ದಿರೋದು ಇಲ್ಲೇ ಅಲ್ವಾ ಸಾರ್."

ತೆಂಗಿನಕಾಯಿಗೂ ನಮ್ಮ ಮನಸ್ಸು ಗೊತ್ತು.

ಅವನು ಕೊರೆಸಿದ್ದು ಆರುನೂರು ಅಡಿ. ಇವನು ಎಂಟುನೂರಕ್ಕೆ ಇಳಿಸುತ್ತಾನೆ. ಅವನ ಮೋಟರ್ ಗಾಳಿ ಎಳೆಯತೊಡಗುತ್ತದೆ. ಅವನು ಸುಮ್ಮನಿರುತ್ತಾನೆಯೇ? ಸಾವಿರಕ್ಕೆ ಹೋಗುತ್ತಾನೆ. ಕೊನೆಗೆ ಎರಡರಲ್ಲೂ ಧೂಳು. ಒಬ್ಬನ ದಾಳಿಂಬೆ ಒಣಗಿತು, ಇನ್ನೊಬ್ಬನ ಅಡಿಕೆ. ಇಬ್ಬರ ಹೆಂಡಿರ ಓಲೆಗಳೂ ಒಂದೇ ಸೊಸೈಟಿಯ ಬೀರುವಿನಲ್ಲಿ ಅಡವು. ಬದುವಿನ ಮೇಲೆ ಕೂಡದವರು ಅಲ್ಲಿ ಕೂಡಿದರು. ಅಂತರ್ಜಲ ಅತಿಯಾಗಿ ಬಳಸಿದ ಪ್ರದೇಶ ಎಂದು ಸರ್ಕಾರ ಈ ಕಡೆಗೆ ಮುದ್ರೆ ಒತ್ತಿ ಬಹಳ ಕಾಲವಾಯಿತು. ಅಧಿಸೂಚಿತ ತಾಲ್ಲೂಕಿನಲ್ಲಿ ಕೊರೆಯಲು ಅನುಮತಿ ಬೇಕು ಎಂದು 2011ರ ಕಾಯ್ದೆ ಹೇಳುತ್ತದೆ. ಕಾಯ್ದೆ ಹಗಲು ಹೊತ್ತು ಎಚ್ಚರವಾಗಿರುತ್ತದೆ. ರಿಗ್ ರಾತ್ರಿ ಬರುತ್ತದೆ.

ಅವನಿಗೆ ನೀರು ಬಿದ್ದಾಗ "ಒಳ್ಳೇದಾಯ್ತು ಕಣಪ್ಪ, ನನಗೂ ವಾರಕ್ಕೆರಡು ದಿನ ಬಿಡು, ಕರೆಂಟು ಬಿಲ್ಲಲ್ಲಿ ಪಾಲು ಹಾಕ್ತೀನಿ" ಎಂದಿದ್ದರೆ? ಎರಡು ಹೊಲವೂ ಉಳಿಯುತ್ತಿದ್ದವು. ಆದರೆ ಹಾಗೆ ಕೇಳುವುದೆಂದರೆ ಅವನಿಗೆ ಬಿದ್ದಿದೆ ಎಂದು ಒಪ್ಪಿಕೊಂಡಂತೆ. ಅದಕ್ಕಿಂತ ಸಾಲವೇ ಮೇಲು.

ಇದೆಲ್ಲ ಆದಿಕಾಂಡದ 26ನೇ ಅಧ್ಯಾಯದಲ್ಲಿ ಆಗಲೇ ನಡೆದುಹೋಗಿದೆ. ನಮ್ಮ ಕಡೆಯ ಪ್ರಸಂಗಿಗಳು ಆ ಅಧ್ಯಾಯವನ್ನು ಯಾಕೆ ಅಷ್ಟಾಗಿ ತೆಗೆಯುವುದಿಲ್ಲವೋ. ಬರಗಾಲ. ಇಸಾಕ ಗೆರಾರಿಗೆ ಬಂದು ಬಿತ್ತುತ್ತಾನೆ. ಬಿತ್ತಿದ ನೂರರಷ್ಟು ಬೆಳೆ. ಕುರಿ, ದನ, ಆಳುಕಾಳು. ಫಿಲಿಷ್ಟಿಯರಿಗೆ ಹೊಟ್ಟೆ ಉರಿಯಿತು. ಉರಿದ ಹೊಟ್ಟೆ ತಣಿಸಲು ಅವರು ಮಾಡಿದ್ದೇನು? ಅವನ ಅಪ್ಪನ ಕಾಲದಲ್ಲಿ ತೋಡಿದ ಬಾವಿಗಳಿಗೆ ಮಣ್ಣು ತುಂಬಿದರು.

ಬರಗಾಲದಲ್ಲಿ. ನೀರಿದ್ದ ಬಾವಿಗೆ. ತಾವೇ ಸೇದಿಕೊಳ್ಳಬಹುದಿತ್ತು. ತಮಗೆ ಸಿಗದಿದ್ದರೂ ಚಿಂತೆಯಿಲ್ಲ, ಅವನಿಗೆ ಸಿಗಬಾರದು.

ಇಸಾಕ ಜಗಳಕ್ಕೆ ನಿಲ್ಲಲಿಲ್ಲ. ಮುಂದೆ ಹೋಗಿ ಇನ್ನೊಂದು ತೋಡಿದ. ಅದಕ್ಕೂ ತಕರಾರು. ಮತ್ತೊಂದು ತೋಡಿದ. ಅದಕ್ಕೂ ತಕರಾರು. ಮೂರನೆಯದಕ್ಕೆ ಬರುವ ಹೊತ್ತಿಗೆ ತಕರಾರಿನವರು ಸುಸ್ತಾಗಿದ್ದರು. ನಮ್ಮವರು ಸುಸ್ತಾಗುವ ಜಾತಿಯಲ್ಲ. ತಹಶೀಲ್ದಾರ್ ಆಫೀಸಿನಲ್ಲಿ ಅರ್ಜಿ ಹಾಕಿ ಮಕ್ಕಳಿಗೆ ತಕರಾರನ್ನೇ ಆಸ್ತಿ ಮಾಡಿಟ್ಟು ಹೋಗುತ್ತಾರೆ.

ಜನ ಹೀಗಿದ್ದ ಮೇಲೆ ಊರುಗಳು ಇನ್ನು ಹೇಗಿರಬೇಕು?

ತುಮಕೂರು ಒಂದೇ ಕಂದಾಯ ಜಿಲ್ಲೆ. 10 ತಾಲ್ಲೂಕು. ಶಿಕ್ಷಣ ಇಲಾಖೆ ಮಾತ್ರ ಎರಡು ಮಾಡಿಕೊಂಡಿದೆ. ಈ ನಾಲ್ಕು ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. 2020ರಲ್ಲಿ ಕೊರೊನಾ ನಡುವೆ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯಿತು. ಚಿಕ್ಕಬಳ್ಳಾಪುರ ರಾಜ್ಯಕ್ಕೆ ಮೊದಲು ಬಂತು. ಬೆಂಗಳೂರು ಗ್ರಾಮಾಂತರ ಎರಡನೆಯದು. ಮಧುಗಿರಿ ಮೂರನೆಯದು. ಮಾಸ್ಕ್ ಹಾಕಿಕೊಂಡು, ಥರ್ಮಲ್ ಸ್ಕ್ಯಾನರ್ ಮುಂದೆ ಹಣೆ ಚಾಚಿ, ಬಸ್ಸು ಸರಿಯಾಗಿಲ್ಲದ ಕಾಲದಲ್ಲಿ ಬರೆದ ಮಕ್ಕಳು. ಅಪ್ಪ ಅಮ್ಮ ಶೇಂಗಾ ಕೀಳುವವರು, ಬೀಡಿ ಕಟ್ಟುವವರು, ಗಾರ್ಮೆಂಟ್ಸಿಗೆ ಹೋಗುವವರು. ಖುಷಿಪಡಲು ಇನ್ನೇನು ಬೇಕಿತ್ತು?

ನಮಗೆ ಬೇಕಿದ್ದದ್ದು ಅನುಮಾನ. "ಕೊರೊನಾ ಅಲ್ವಾ, ಸುಮ್ನೆ ಹಾಕಿರ್ತಾರೆ ಮಾರ್ಕ್ಸು." ರ‍್ಯಾಂಕು ಮೇಲಿದ್ದರೆ ನಾಲ್ಕೂ ತಾಲ್ಲೂಕಿನವರು ನಮ್ಮದು ಅನ್ನುತ್ತಾರೆ. ಕೆಳಗಿಳಿದ ವರ್ಷ ಯಾವ ತಾಲ್ಲೂಕು ಎಳೆದಿದ್ದು ಎಂಬ ವಿಚಾರಣೆ. ಮೇಷ್ಟ್ರು ರಜೆಯಲ್ಲಿ ಸ್ಪೆಷಲ್ ಕ್ಲಾಸು ತೆಗೆದುಕೊಂಡ ಲೆಕ್ಕ ಎರಡರಲ್ಲೂ ಬರುವುದಿಲ್ಲ.

ಮಧುಗಿರಿ ಜಿಲ್ಲೆಯಾಗಲಿ ಎಂಬ ಕೂಗು ಹಳೆಯದು. ಶಿರಾ ಆಗಲಿ ಎಂಬ ಕೂಗೂ ಇದೆ. 2007ರಲ್ಲಿ ಚಿಕ್ಕಬಳ್ಳಾಪುರ, ರಾಮನಗರ ಜಿಲ್ಲೆಯಾದವು. 2021ರಲ್ಲಿ ವಿಜಯನಗರ ಆಯಿತು. ಇವೆರಡು ಊರು ಮಾತ್ರ ಒಂದನ್ನೊಂದು ನೋಡುತ್ತ ನಿಂತಿವೆ. ನಮ್ಮೂರು ಆಗಬೇಕು ಎಂಬ ಬೇಡಿಕೆಯಲ್ಲಿ ಎಷ್ಟು ದನಿಯೋ, ಆ ಊರು ಆಗಬಾರದು ಎಂಬುದರಲ್ಲಿ ಅದಕ್ಕಿಂತ ಜಾಸ್ತಿ ದನಿ. ಸರ್ಕಾರಕ್ಕೆ ಇದಕ್ಕಿಂತ ಸುಖ ಬೇಕೇ? ಯಾರಿಗೂ ಕೊಡದಿದ್ದರೆ ಇಬ್ಬರಿಗೂ ಅರ್ಧ ಸಮಾಧಾನ.

ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣದ ಕಥೆಯೂ ಅದೇ. ಶಿರಾ ಕಡೆ ಬರಲಿ ಎಂಬ ಒತ್ತಾಯ ಇತ್ತು. 2025ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಬಂದು ನೋಡಿದ್ದು ಕನಕಪುರ ರಸ್ತೆಯ ಎರಡು ಜಾಗ, ನೆಲಮಂಗಲ–ಕುಣಿಗಲ್ ರಸ್ತೆಯ ಒಂದು ಜಾಗ. ಪಕ್ಕದ ತಾಲ್ಲೂಕಿನ ಟೀ ಅಂಗಡಿಗಳಲ್ಲಿ ಒಂದು ನಿಟ್ಟುಸಿರು. ಸದ್ಯ, ಅವರಿಗೂ ಬರಲಿಲ್ಲ. ಟಿಕೆಟ್ಟಿಗೆ ದುಡ್ಡಿಲ್ಲದವನೂ ವಿಮಾನ ಬರದಿದ್ದಕ್ಕೆ ಖುಷಿಪಡುವ ಏಕೈಕ ಪ್ರದೇಶ ಇದು.

ಕೊರಟಗೆರೆಯವರು ಮಂತ್ರಿಗಳ ಕ್ಷೇತ್ರದವರು. ಹಾಗಾಗಿ ಅಲ್ಲಿಯ ಪ್ರತಿ ಮೀಟರ್ ಡಾಂಬರು ಅಕ್ಕಪಕ್ಕದವರ ಎದೆಯ ಮೇಲೆ ಹಾಕಿದ್ದು. 2013ರಲ್ಲಿ ಕಾಂಗ್ರೆಸ್ಸಿಗೆ ಅಧಿಕಾರ ಬಂತು. ಪಕ್ಷದ ರಾಜ್ಯಾಧ್ಯಕ್ಷರಾಗಿದ್ದ ಜಿ. ಪರಮೇಶ್ವರ ಅದೇ ಕೊರಟಗೆರೆಯಲ್ಲಿ ಸೋತರು. 2018ರಲ್ಲಿ ಅಲ್ಲೇ ಗೆದ್ದು ಉಪಮುಖ್ಯಮಂತ್ರಿಯಾದರು. ನೀವು ಯಾವ ಪಕ್ಷದವರಾದರೂ ಆಗಿರಿ, ಎರಡರಲ್ಲಿ ಯಾವ ಸುದ್ದಿಯನ್ನು ಹೆಚ್ಚು ರುಚಿಯಾಗಿ ಹೇಳಿದಿರಿ ಎಂಬುದನ್ನು ನೀವೇ ಜ್ಞಾಪಿಸಿಕೊಳ್ಳಿ. ಸೋತವನಿಗೆ ನಮ್ಮಲ್ಲಿ ಸಹಾನುಭೂತಿ ಪುಕ್ಕಟೆ. ಗೆದ್ದವನಿಗೆ ಅನುಮಾನ ಪುಕ್ಕಟೆ.

ಒಂದು ಹಳೆಯ ಕಥೆ. ಶಿರಾ ಮೊಘಲರ ಸುಬಾ ಆಗಿದ್ದ ಊರು. ಅಲ್ಲಿದ್ದ ತೋಟವನ್ನು ನೋಡಿ ಹೈದರ್ ಅಲಿ ಬೆಂಗಳೂರಿನಲ್ಲಿ ಲಾಲ್‌ಬಾಗ್ ಹಾಕಿಸಿದ ಎಂಬ ಮಾತಿದೆ. ಪಕ್ಕದವನದು ಚೆನ್ನಾಗಿದೆ ಎಂದು ಒಪ್ಪಿ, ನೋಡಿ ಕಲಿತ. ಅದೊಂದು ದಾರಿ. ಟಿಪ್ಪು ಕಾಲದಲ್ಲಿ ಶ್ರೀರಂಗಪಟ್ಟಣದ ಗಂಜಾಂ ತುಂಬಿಸಲು ಶಿರಾದಿಂದ 12,000 ಕುಟುಂಬಗಳನ್ನು ಎಬ್ಬಿಸಿಕೊಂಡು ಹೋದರೆಂದು ಗೆಜೆಟಿಯರಿನಲ್ಲಿದೆ. ಅದು ಇನ್ನೊಂದು ದಾರಿ. ನಮಗೆ ತೋಟ ಹಾಕಲು ಪುರುಸೊತ್ತಿಲ್ಲ. ಊರೆತ್ತಲು ಶಕ್ತಿಯಿಲ್ಲ. ಹಾಗಾಗಿ ಅರಳಿಕಟ್ಟೆಯ ಮೇಲೆ ಕೂತು ಮಾತಾಡುತ್ತೇವೆ.

ಈಗ ಪಾವಗಡಕ್ಕೆ ಬನ್ನಿ. ಇಲ್ಲಿ ಸ್ವಲ್ಪ ನಿಲ್ಲಬೇಕು. ಇಲ್ಲಿ ಹೊಟ್ಟೆಕಿಚ್ಚಿನ ಹೆಸರು ಹೇಳಿಕೊಂಡು ಒಂದು ದೊಡ್ಡ ಮೋಸ ನಡೆಯುತ್ತದೆ.

ನಾಗಲಮಡಿಕೆ ಹೋಬಳಿ. ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು. ಐದು ಹಳ್ಳಿಗಳ ಸುತ್ತ 13,000 ಎಕರೆ. 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್. 2018ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಉದ್ಘಾಟಿಸಿದರು. ಜಮೀನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಮಳೆ ಬಂದರೆ ಶೇಂಗಾ, ಬರದಿದ್ದರೆ ಬೆಂಗಳೂರು ಎಂದಿದ್ದ ರೈತನ ಖಾತೆಗೆ ಮೋಡ ನೋಡದೆ ದುಡ್ಡು ಬೀಳತೊಡಗಿತು.

ಬೇಲಿಯ ಆಚೆ ಜಮೀನಿದ್ದವನ ಹೊಟ್ಟೆ ಉರಿಯಿತು. ಅದು ಶುದ್ಧ ಹೊಟ್ಟೆಕಿಚ್ಚು. ನಿನ್ನೆವರೆಗೆ "ಕಲ್ಲು ಜಮೀನು, ಹುರುಳಿಗೂ ಲಾಯಕ್ಕಿಲ್ಲ" ಎಂದು ಆಡಿಕೊಂಡವನೇ ಇವತ್ತು "ಕಂಪನಿಯವರ್ನ ಹಿಡ್ಕೊಂಡ್ರು ನೋಡಿ" ಅನ್ನುತ್ತಾನೆ. ಇವನಿಗೆ ಉಪದೇಶ ಮಾಡಿ, ನಾನು ಬೇಡ ಅನ್ನುವುದಿಲ್ಲ.

ಆದರೆ ಆ ಜಮೀನುಗಳಲ್ಲಿ ಕೂಲಿ ಮಾಡುತ್ತಿದ್ದವರು? ತುಂಡು ಭೂಮಿಯೂ ಇಲ್ಲದವರು. ಕಳೆ ಕೀಳುವ, ಶೇಂಗಾ ಬಿಡಿಸುವ ಹೆಂಗಸರು. ಆ ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದವರು. ಗುತ್ತಿಗೆಯ ದುಡ್ಡು ಜಮೀನಿದ್ದವನಿಗೆ. ಜಾಸ್ತಿ ಇದ್ದವನಿಗೆ ಜಾಸ್ತಿ. ಇಲ್ಲದವರ ಪಾಲಿಗೆ ಗಾಜು ಒರೆಸುವ ಕೆಲಸ, ಹುಲ್ಲು ಕೀಳುವ ಕೆಲಸ, ಗೇಟಿನ ಕಾವಲು. ಅದೂ ಎಲ್ಲರಿಗೂ ಸಿಗಲಿಲ್ಲ. ಅವರು ಕೇಳಿದರು: ನಮಗೇನು?

ತಕ್ಷಣ ಉಪದೇಶ ಶುರು. ಬೇರೆಯವರಿಗೆ ಬಂದದ್ದನ್ನು ನೋಡಿ ಕರುಬಬೇಡಿ. ಇದ್ದುದರಲ್ಲಿ ತೃಪ್ತಿಪಡಿ.

ಇದು ಮೋಸ. ಕೂಲಿ ಕಳೆದುಕೊಂಡವಳು ಕೂಲಿ ಕೇಳುವುದು ಹೊಟ್ಟೆಕಿಚ್ಚಲ್ಲ. ಅಸೂಯೆ ಬೇಡ ಎಂಬ ಪ್ರಸಂಗ ಯಾವಾಗಲೂ ಇಳಿಜಾರಿನಲ್ಲೇ ಹರಿಯುವುದನ್ನು ಗಮನಿಸಿದ್ದೀರಾ? ಮೇಲಿನವನು ಕೆಳಗಿನವನಿಗೆ ಹೇಳುತ್ತಾನೆ. ಜಮೀನಿದ್ದವನು ಇಲ್ಲದವನಿಗೆ. ಎರಡು ಕಾರು ಇರುವ ಹಿರಿಯರು ಬಸ್ಸಿಗೆ ಕಾಯುವ ಹುಡುಗನಿಗೆ. ಕಾರು ಇದ್ದವನು ಎರಡು ಕಾರಿನವನ ಮೇಲೆ ಕರುಬಿದರೆ ಅದಕ್ಕೆ ಪ್ರಸಂಗವಿಲ್ಲ. ಅದಕ್ಕೆ ಬ್ಯಾಂಕಿನಲ್ಲಿ ಲೋನ್ ಇದೆ.

ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ಯೇಸು ಹೇಳಿದ ಕಥೆಯೊಂದಿದೆ. ದ್ರಾಕ್ಷಿ ತೋಟದ ಯಜಮಾನ ಬೆಳಗ್ಗೆಯಿಂದ ಸಂಜೆವರೆಗೆ ಆಗಾಗ ಚೌಕಕ್ಕೆ ಹೋಗಿ ಆಳುಗಳನ್ನು ಕರೆತರುತ್ತಾನೆ. ಸಂಜೆ ಐದಕ್ಕೂ ಕೆಲವರು ಅಲ್ಲೇ ನಿಂತಿದ್ದಾರೆ. ಯಾಕೆ ಎಂದರೆ ಯಾರೂ ಕೆಲಸಕ್ಕೆ ಕರೆದಿಲ್ಲ. ಅವರಿಗೂ ಪೂರ್ತಿ ದಿನದ ಕೂಲಿ ಕೊಡುತ್ತಾನೆ. ಬೆಳಗ್ಗೆ ಬಂದವರು ಗೊಣಗುತ್ತಾರೆ. ಅವರ ಕೂಲಿಯಲ್ಲಿ ಒಂದು ಕಾಸೂ ಕಡಿಮೆಯಾಗಿಲ್ಲ. ಆದರೂ ಗೊಣಗಾಟ.

ಈ ಕಥೆಯನ್ನು ನಾವು ಪೂರಾ ತಿರುಗಿಸಿದ್ದೇವೆ. ಅಲ್ಲಿ ಬೈಸಿಕೊಂಡವರು ಹೊಟ್ಟೆ ತುಂಬಿದವರು. ಸಂಜೆಯವರೆಗೆ ಕೆಲಸ ಸಿಗದೆ ನಿಂತವರಿಗೆ ಯಜಮಾನ ಉಪದೇಶ ಕೊಡಲಿಲ್ಲ, ಕೂಲಿ ಕೊಟ್ಟ. ನಾವು ಸಂಜೆಯವರಿಗೆ ಉಪದೇಶ ಕೊಟ್ಟು ಬೆಳಗ್ಗೆಯವರಿಂದ ಕಾಣಿಕೆ ಎತ್ತುತ್ತೇವೆ.

ಸಭೆಯೊಳಗೆ ಬನ್ನಿ. ವಿಷಯ ಇನ್ನೂ ಸ್ವಾರಸ್ಯವಾಗುತ್ತದೆ.

ಉಜ್ಜೀವನ ಕೂಟಕ್ಕೆ ಫ್ಲೆಕ್ಸ್ ಹಾಕುತ್ತಾರೆ. ಯೇಸುವಿನ ಚಿತ್ರ ಮೂಲೆಯಲ್ಲಿ, ಸಣ್ಣದಾಗಿ. ಪ್ರಸಂಗಿಯ ಫೋಟೊ ನಡುವೆ, ಆಳೆತ್ತರ. ಸ್ಥಳೀಯ ಅಯ್ಯನವರ ಫೋಟೊ ಎಡಕ್ಕೋ ಬಲಕ್ಕೋ ಎಂಬುದರ ಮೇಲೆ ಮೂರು ಮೀಟಿಂಗು. ಕಮಿಟಿಯ ಕಾರ್ಯದರ್ಶಿಯದು ಖಜಾಂಚಿಗಿಂತ ಚಿಕ್ಕದಾಗಿ ಬಂತು ಎಂದು ಒಂದು ಕುಟುಂಬ ಕೂಟಕ್ಕೇ ಬರಲಿಲ್ಲ. ಪಕ್ಕದ ಬೀದಿಯಲ್ಲಿ ಹೊಸ ಸಭೆ ಶುರುವಾಗಿ ನಾಲ್ಕು ಮನೆ ಅತ್ತ ಹೋದರೆ ಅವರು ಕುರಿಕಳ್ಳರು. ಅಲ್ಲಿಂದ ನಾಲ್ಕು ಮನೆ ಇತ್ತ ಬಂದರೆ ಆತ್ಮಗಳ ಸುಗ್ಗಿ.

ಪೌಲ ಸೆರೆಯಲ್ಲಿದ್ದಾಗ ಹೊರಗೆ ಕೆಲವರು ಅವನ ಮೇಲಿನ ಹೊಟ್ಟೆಕಿಚ್ಚಿಗೇ ಕ್ರಿಸ್ತನನ್ನು ಸಾರುತ್ತಿದ್ದರಂತೆ. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ಮೊದಲ ಅಧ್ಯಾಯದಲ್ಲೇ ಇದೆ. ಸಾರುತ್ತಿದ್ದಾರಲ್ಲ, ಸಾಕು, ನನಗೆ ಸಂತೋಷ ಎಂಬ ಧಾಟಿಯಲ್ಲಿ ಬರೆದ. ಬೇಡಿ ಹಾಕಿಸಿಕೊಂಡವನ ಮಾತಿದು. ನಮ್ಮವರು ಎಸಿ ಹಾಲಿನಲ್ಲಿ ಕೂತು ಪಕ್ಕದ ಸಭೆಯ ಕುರ್ಚಿ ಎಣಿಸುತ್ತಾರೆ.

ಬಾರ್ನಬನ ವಿಷಯ ಗೊತ್ತಿರಬೇಕು. ಮುಂದೆ ಪೌಲ ಎನ್ನಿಸಿಕೊಂಡ ಸೌಲನೆಂದರೆ ಯೆರೂಸಲೇಮಿನವರು ಹೆದರುತ್ತಿದ್ದ ಕಾಲ. ಅವನ ಕೈಹಿಡಿದು ಅಪೊಸ್ತಲರ ಮುಂದೆ ತಂದು ನಿಲ್ಲಿಸಿದವನು ಬಾರ್ನಬ. ಆಮೇಲೆ ಅಂತಿಯೋಕ್ಯದಲ್ಲಿ ಕೆಲಸ ಬೆಳೆಯಿತು. ಅಲ್ಲಿ ಬಾರ್ನಬನೇ ಮುಖ್ಯಸ್ಥ. ಅವನು ತಾರ್ಸಕ್ಕೆ ಹೋಗಿ ಅದೇ ಸೌಲನನ್ನು ಹುಡುಕಿ ಕರೆತಂದ. ತನಗಿಂತ ಚುರುಕಾದವನನ್ನು ತಾನೇ ಹುಡುಕಿಕೊಂಡು ಹೋದ! ಅಪೊಸ್ತಲರ ಕೃತ್ಯಗಳಲ್ಲಿ ಮೊದಮೊದಲು ಬಾರ್ನಬ ಮತ್ತು ಸೌಲ ಎಂದಿರುತ್ತದೆ. 13ನೇ ಅಧ್ಯಾಯದೊಳಗೆ ಪೌಲ ಮುಂದೆ ಬರುತ್ತಾನೆ, ಬಾರ್ನಬ ಹಿಂದೆ ಸರಿಯುತ್ತಾನೆ. ಅದಕ್ಕಾಗಿ ಅವನು ತಕರಾರು ತೆಗೆದ ದಾಖಲೆ ಇಲ್ಲ. ಮುಂದೆ ಇಬ್ಬರೂ ಜಗಳವಾಡಿದರು, ನಿಜ. ಆ ಜಗಳ ಒಬ್ಬ ಹುಡುಗನಿಗೆ ಇನ್ನೊಂದು ಅವಕಾಶ ಕೊಡಬೇಕೆಂದು ಬಾರ್ನಬ ಹಟ ಹಿಡಿದದ್ದಕ್ಕೆ. ಅಲ್ಲೂ ಅವನು ಇನ್ನೊಬ್ಬನ ಪರವೇ.

ಅದು ಬೈಬಲ್ ಕಾಲ ಅನ್ನುತ್ತೀರಾ? ಕನ್ನಡದ ಲೆಕ್ಕವೇ ಕೊಡುತ್ತೇನೆ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ವಿಲಿಯಂ ರೀವ್ ಕನ್ನಡ–ಇಂಗ್ಲಿಷ್ ನಿಘಂಟು ಮಾಡಿದ. ಅದು 1832ರಲ್ಲಿ ಅಚ್ಚಾಯಿತು. ಮುಂದೆ ಡೇನಿಯಲ್ ಸ್ಯಾಂಡರ್ಸನ್ ಅದನ್ನು ತಿದ್ದಿ ಬೆಳೆಸಿ 1858ರಲ್ಲಿ ಬೆಂಗಳೂರಿನಲ್ಲಿ ಹೊರತಂದ. ಸ್ಯಾಂಡರ್ಸನ್ ವೆಸ್ಲಿಯನ್ ಮಿಷನ್ನಿನವನು. ತುಮಕೂರು, ಗುಬ್ಬಿ ಕಡೆ ಕೆಲಸ ಮಾಡಿದ್ದೂ ಅದೇ ಮಿಷನ್. ಬೇರೆ ಸಂಸ್ಥೆ, ಬೇರೆ ಊರು. ಆದರೂ ಮುಖಪುಟದಲ್ಲಿ ರೀವ್‌ನ ಹೆಸರು ಮೊದಲು ಬಂತು. ತನ್ನದು ತಿದ್ದಿದವನೆಂದು ಕೆಳಗೆ. ನಮ್ಮ ಕಮಿಟಿಯ ಕೈಗೆ ಆ ಮುಖಪುಟ ಸಿಕ್ಕಿದ್ದರೆ ಇಬ್ಬರ ಹೆಸರೂ ಹೋಗಿ ಅಧ್ಯಕ್ಷರ ಫೋಟೊ ಬರುತ್ತಿತ್ತು.

1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಯವರು ಸೇರಿ ದಕ್ಷಿಣ ಭಾರತ ಸಭೆ ಕಟ್ಟಿದರು. ದೇಶ ಎರಡಾದ ವರ್ಷವೇ ಸಭೆಗಳು ಒಂದಾದವು. ತಮ್ಮ ತಮ್ಮ ಹೆಸರಿನ ಬೋರ್ಡು ಇಳಿಸಲು ಅವರಿಗೆ ಸಾಧ್ಯವಾಯಿತು. ಅವರ ಮೊಮ್ಮಕ್ಕಳು ಕಮಿಟಿ ಚುನಾವಣೆಗೆ ಪ್ಯಾನೆಲ್ ಕಟ್ಟುತ್ತಾರೆ. ಗೆದ್ದ ಪ್ಯಾನೆಲ್ಲಿನವರು ಸ್ತೋತ್ರ ಹಾಡುತ್ತಾರೆ. ಸೋತವರು ವಕೀಲರನ್ನು ನೋಡುತ್ತಾರೆ.

ಇಷ್ಟೆಲ್ಲ ಇದ್ದರೂ ವೇದಿಕೆಯಿಂದ ಇದರ ಬಗ್ಗೆ ಒಂದು ಮಾತು ಕೇಳಿದ್ದೀರಾ? ಕುಡಿತದ ಮೇಲೆ ಪ್ರಸಂಗ ಇದೆ. ಸಿನಿಮಾ ಮೇಲೆ ಇದೆ. ಹೆಣ್ಣುಮಕ್ಕಳ ಬಟ್ಟೆ, ಓಲೆ, ಬಳೆ ಮೇಲೆ ಇದೆ, ಅದು ಮುಗಿಯುವುದೇ ಇಲ್ಲ. ಹೊಟ್ಟೆಕಿಚ್ಚಿನ ಮೇಲೆ ಇಲ್ಲ. ಕುಡುಕ ಸಭೆಗೆ ಬರುವುದಿಲ್ಲ, ಅವನನ್ನು ಬೈದರೆ ನಷ್ಟವಿಲ್ಲ. ಕರುಬುವವರು ಮೊದಲ ಬೆಂಚಿನಲ್ಲಿ ಕೂತಿರುತ್ತಾರೆ. ಕವರಿನಲ್ಲಿ ಕಾಣಿಕೆ ಹಾಕುತ್ತಾರೆ.

ಯೇಸುವನ್ನು ಹಿಡಿದುಕೊಟ್ಟದ್ದು ಯಾಕೆ? ಮತ್ತಾಯ, ಮಾರ್ಕ ಇಬ್ಬರೂ ಬರೆದಿಟ್ಟಿದ್ದಾರೆ. ಮಹಾಯಾಜಕರು ಹೊಟ್ಟೆಕಿಚ್ಚಿನಿಂದ ತಂದೊಪ್ಪಿಸಿದ್ದಾರೆಂದು ಪಿಲಾತನಿಗೆ ಗೊತ್ತಿತ್ತು. ಪಿಲಾತ ದೇವಭಕ್ತನಲ್ಲ. ರೋಮಿನಿಂದ ಪೋಸ್ಟಿಂಗ್ ಮೇಲೆ ಬಂದಿದ್ದ ಅಧಿಕಾರಿ. ಅವನಿಗೂ ಒಂದೇ ಬೆಳಗಿನಲ್ಲಿ ಅರ್ಥವಾಯಿತು. ಶಿಲುಬೆಯವರೆಗೆ ತಂದದ್ದು ಕುಡುಕರಲ್ಲ, ಸಿನಿಮಾ ನೋಡುವವರಲ್ಲ. ಹತ್ತಾರು ವರ್ಷ ದೇವಾಲಯ ನಡೆಸಿದವರು, ಇನ್ನೊಬ್ಬನ ಹಿಂದೆ ಜನ ಹೋಗುವುದನ್ನು ನೋಡಲಾರದವರು. ನಾವು ಪ್ರತಿ ಶುಭ ಶುಕ್ರವಾರ ಮೂರು ಗಂಟೆ ಕೂತು ಅತ್ತು, ಹೊರಗೆ ಬಂದು, ಈ ಸಲ ಶಿಲುಬೆಯ ಏಳು ಮಾತುಗಳಲ್ಲಿ ಒಂದರ ಮೇಲೆ ಪ್ರಸಂಗ ಮಾಡಲು ಅವನಿಗೆ ಯಾಕೆ ಕೊಟ್ಟರು ಎಂದು ಕೇಳುತ್ತೇವೆ.

ಮುಂದಿನ ಸಲ ಪಕ್ಕದ ಮನೆಯವರು ಸ್ವೀಟು ತಂದಾಗ ಶುಗರ್ ಇದೆ ಎಂದು ಅರ್ಧ ವಾಪಸ್ ಕೊಡಬೇಡಿ. ಸೀಟಿಗೆ ಎಷ್ಟು ಕೊಟ್ಟರಂತೆ, ಯಾರ ಕಡೆಯಿಂದ ಹೇಳಿಸಿದರಂತೆ ಎಂದು ವಿಚಾರಿಸಬೇಡಿ. ಭಾನುವಾರ ಸಾಕ್ಷಿ ಹೇಳುವ ಹೊತ್ತಿಗೆ ನಿಮ್ಮ ಮಗನ ಪ್ರಮೋಷನ್ನು ಒಂದು ವಾರ ಜೇಬಿನಲ್ಲೇ ಇರಲಿ. ಎದ್ದು ನಿಂತು ಆ ಮನೆಯ ಹುಡುಗಿಯ ಹೆಸರು ಹೇಳಿ. ಅವಳಿಗೆ ಕೆಲಸ ಸಿಕ್ಕಿದ್ದಕ್ಕೆ ಸ್ತೋತ್ರ ಎಂದು ಹೇಳಿ. "ಆದರೆ" ಎಂದು ಮುಂದುವರಿಸದೆ ಕೂತುಕೊಳ್ಳಿ.